ಲೂಕನ್‌ನಲ್ಲಿ ಬದಲಿ ಪಾರ್ಸೆಲ್ ಡ್ರೈವರ್ ಕೆಲಸ: ವ್ಯಾನ್ ಹತ್ತುವ ಮೊದಲು ತಿಳಿದಿರಬೇಕಾದ ಲೆಕ್ಕ

ಲೂಕನ್: ಗಲ್ಫ್‌ನ ಆಸ್ಪತ್ರೆಗಳಲ್ಲಿ ದುಡಿದ ಕರಾವಳಿಯ ನರ್ಸ್‌ಗಳು ಅಲ್ಲಿಂದಲೇ ಐರ್ಲೆಂಡಿಗೆ ಹೋಗುವುದು ಈಗ ಹೊಸ ಸುದ್ದಿಯೇನಲ್ಲ. ಹೆಂಡತಿಗೆ ಡಬ್ಲಿನ್‌ನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಮಕ್ಕಳಿಗೆ ಶಾಲೆಯೂ ಸಿಕ್ಕಿತು. ಆದರೆ ದುಬೈ, ದಮ್ಮಾಮ್, ಮಸ್ಕತ್‌ಗಳಲ್ಲಿ ಹತ್ತು ಹದಿನೈದು ವರ್ಷ ಸ್ಟಿಯರಿಂಗ್ ಹಿಡಿದ ಗಂಡನಿಗೆ ಏನು ಕೆಲಸ? ಮಕ್ಕಳನ್ನು ನೋಡಿಕೊಂಡು, ಹೆಂಡತಿಯ ಡ್ಯೂಟಿ ಇಲ್ಲದ ದಿನ ಮಾತ್ರ ಹೊರಗೆ ಹೋಗಬಹುದಾದ ಕೆಲಸ ಬೇಕು. ಹಾಗೆ ಹುಡುಕುವವರ ಕಣ್ಣಿಗೆ ಮೊದಲು ಬೀಳುವುದು ಪಾರ್ಸೆಲ್ ಕಂಪನಿಯ ಬದಲಿ ಡ್ರೈವರ್ ಕೆಲಸ. ರೂಟಿನ ಖಾಯಂ ಡ್ರೈವರ್ ರಜೆ ಹಾಕಿದ ದಿನ, ಹುಷಾರಿಲ್ಲದ ದಿನ, ಕ್ರಿಸ್‌ಮಸ್ ಮುಂಚಿನ ಗಡಿಬಿಡಿಯಲ್ಲಿ ಅವರ ಜಾಗಕ್ಕೆ ಹೋಗಿ ವ್ಯಾನ್ ಓಡಿಸುವುದು.

ಊರಿನಲ್ಲಿ ಸರ್ವಿಸ್ ಬಸ್ಸಿಗೆ ಒಂದು ದಿನ ಬದಲಿ ಹೋದರೆ ಸಂಜೆ ಕೈಗೆ ದುಡ್ಡು ಬಂತು, ಅಲ್ಲಿಗೆ ಲೆಕ್ಕ ಮುಗಿಯಿತು. ಐರ್ಲೆಂಡಿನಲ್ಲಿ ಹಾಗಲ್ಲ. ಒಂದೇ ಒಂದು ದಿನ ವ್ಯಾನ್ ಓಡಿಸಿದರೂ ಅದು ಯಾವ ಹೆಸರಿನಲ್ಲಿ ನಡೆಯಿತು, ನೌಕರನಾಗಿಯೋ ಸ್ವಂತ ಉದ್ಯೋಗಿಯಾಗಿಯೋ ಎನ್ನುವುದರ ಮೇಲೆ ಸಂಬಳ, ತೆರಿಗೆ, ವಿಮೆ ಎಲ್ಲವೂ ನಿಂತಿರುತ್ತದೆ. ಕೊನೆಗೆ ಆ ದೇಶದಲ್ಲಿ ಇರುವ ಹಕ್ಕೂ ಅದರ ಮೇಲೆಯೇ ನಿಂತಿರುತ್ತದೆ. ಈ ಬರಹದ ಮುಖ್ಯ ವಿಷಯ ಅದೇ.

ಲೂಕನ್ ಎಲ್ಲಿ, ಅಲ್ಲಿ ಈ ಕೆಲಸ ಏಕೆ?

ಡಬ್ಲಿನ್ ನಗರದ ಪಶ್ಚಿಮಕ್ಕೆ, ಲಿಫಿ ನದಿಯ ದಂಡೆಯಲ್ಲಿರುವ ಊರು ಲೂಕನ್. ಆಡಳಿತ ಸೌತ್ ಡಬ್ಲಿನ್ ಕೌಂಟಿ ಕೌನ್ಸಿಲ್‌ನದು. ಹಳೆಯ ಹಳ್ಳಿಯ ಸುತ್ತ ಈಗ ಸಾಲು ಸಾಲು ಬಡಾವಣೆಗಳು. ಪಕ್ಕದಲ್ಲೇ 2007ರಲ್ಲಿ ರೈಲು ನಿಲ್ದಾಣ ತೆರೆದ ಆಡಮ್ಸ್‌ಟೌನ್ ಎಂಬ ಹೊಸ ಪಟ್ಟಣ. ಭಾರತೀಯ ಕುಟುಂಬಗಳು ಹೆಚ್ಚಾಗಿ ನೆಲೆಸಿರುವ ಪ್ರದೇಶಗಳಲ್ಲಿ ಇದೂ ಒಂದು.

ಪಾರ್ಸೆಲ್ ವ್ಯವಹಾರಕ್ಕೆ ಈ ಜಾಗ ಹೇಳಿ ಮಾಡಿಸಿದಂತಿದೆ. ಪಶ್ಚಿಮದ ಕಡೆಗೆ ಹೋಗುವ ಎನ್4 ಹೆದ್ದಾರಿ ಲೂಕನ್ ಮೂಲಕವೇ ಹಾದುಹೋಗುತ್ತದೆ. ಅದು ಡಬ್ಲಿನ್ ಸುತ್ತುವ ಎಂ50 ರಸ್ತೆಯನ್ನು 7ನೇ ಜಂಕ್ಷನ್‌ನಲ್ಲಿ ಸೇರುತ್ತದೆ. ದಕ್ಷಿಣಕ್ಕೆ ಬಾಲ್ಡೊನೆಲ್, ರಾಥ್‌ಕೂಲ್ ಕಡೆ ದೊಡ್ಡ ದೊಡ್ಡ ಗೋದಾಮುಗಳಿವೆ. ಅಮೆಜಾನ್ 2022ರಲ್ಲಿ ಐರ್ಲೆಂಡಿನ ತನ್ನ ದೊಡ್ಡ ಗೋದಾಮು ತೆರೆದದ್ದು ಬಾಲ್ಡೊನೆಲ್‌ನಲ್ಲಿ. 2025ರ ಮಾರ್ಚ್‌ನಲ್ಲಿ ಐರ್ಲೆಂಡಿಗೆಂದೇ ಅಮೆಜಾನ್‌ನ ಪ್ರತ್ಯೇಕ ತಾಣ ಶುರುವಾಯಿತು. ಅಂಚೆ ಇಲಾಖೆಯಂಥ ಅನ್ ಪೋಸ್ಟ್ ಜೊತೆಗೆ ಡಿಪಿಡಿ, ಜಿಎಲ್‌ಎಸ್, ಯುಪಿಎಸ್, ಡಿಎಚ್‌ಎಲ್ ಮುಂತಾದ ಕಂಪನಿಗಳ ವ್ಯಾನ್‌ಗಳು ಈ ಬಡಾವಣೆಗಳಲ್ಲಿ ಓಡಾಡುತ್ತವೆ.

ಬದಲಿಗೆ ಹೋಗುವ ನಾಲ್ಕು ದಾರಿ

"ನಾಳೆ ಬರ್ತೀರಾ?" ಎಂಬ ಒಂದು ಸಾಲಿನ ಮೆಸೇಜ್ ಸಾಮಾನ್ಯವಾಗಿ ಈ ನಾಲ್ಕು ಕಡೆಗಳಲ್ಲಿ ಒಂದರಿಂದ ಬರುತ್ತದೆ.

1. ಕಂಪನಿಯೇ ನೇರವಾಗಿ ಕರೆಯುವುದು. ಬದಲಿ ಡ್ರೈವರ್ ಕಂಪನಿಯ ನೌಕರ. ವ್ಯಾನ್ ಕಂಪನಿಯದು, ಪೇಸ್ಲಿಪ್ ಬರುತ್ತದೆ.

2. ರೂಟುಗಳನ್ನು ಗುತ್ತಿಗೆ ಹಿಡಿದ ಸಣ್ಣ ಸಂಸ್ಥೆ ಕರೆಯುವುದು. ವ್ಯಾನಿನ ಮೇಲೆ, ಅಂಗಿಯ ಮೇಲೆ ದೊಡ್ಡ ಕಂಪನಿಯ ಹೆಸರಿದ್ದರೂ ಸಂಬಳ ಕೊಡುವವರು ಬೇರೆ. ಕಾಗದದಲ್ಲಿ ಯಾರ ಹೆಸರಿದೆ ಎಂದು ನೋಡಬೇಕಾದ್ದು ಇಲ್ಲೇ.

3. ಏಜೆನ್ಸಿ ಮೂಲಕ ಹೋಗುವುದು. 2012ರ ತಾತ್ಕಾಲಿಕ ಏಜೆನ್ಸಿ ಕೆಲಸಗಾರರ ಕಾಯ್ದೆಯ ಪ್ರಕಾರ, ಅದೇ ಕೆಲಸಕ್ಕೆ ಕಂಪನಿ ನೇರವಾಗಿ ಸೇರಿಸಿಕೊಂಡಿದ್ದರೆ ಎಷ್ಟು ಮೂಲ ವೇತನ ಕೊಡುತ್ತಿತ್ತೋ ಅಷ್ಟನ್ನು ಮೊದಲ ದಿನದಿಂದಲೇ ಕೊಡಬೇಕು.

4. ಪರಿಚಯದ ಇನ್ನೊಬ್ಬ ಡ್ರೈವರ್ "ನನ್ನ ರೂಟಿಗೆ ಎರಡು ದಿನ ಹೋಗಿ ಬಾ, ಕ್ಯಾಶ್ ಕೊಡ್ತೇನೆ" ಎನ್ನುವುದು. ಹೆಚ್ಚು ಅಪಾಯ ಇರುವುದು ಇದರಲ್ಲಿ. ವ್ಯಾನಿನ ವಿಮೆ ಆತನ ಹೆಸರಿಗೆ ಮಾತ್ರ ಇದ್ದರೆ, ಬದಲಿಗೆ ಹೋದವನು ಓಡಿಸುವುದು ವಿಮೆಯಿಲ್ಲದ ವಾಹನ. ಸಿಕ್ಕಿಬಿದ್ದರೆ ವಿಷಯ ನ್ಯಾಯಾಲಯಕ್ಕೆ ಹೋಗುತ್ತದೆ. 5,000 ಯೂರೋವರೆಗೆ ದಂಡ, ಜೊತೆಗೆ 5 ಪೆನಾಲ್ಟಿ ಪಾಯಿಂಟ್ ಅಥವಾ ಲೈಸೆನ್ಸ್ ರದ್ದು. ಸ್ವಂತ ಕಾರಿಗೆ ಮಾಡಿಸಿದ ಸಾಮಾನ್ಯ ವಿಮೆಯೂ ಬಾಡಿಗೆಗೆ ಪಾರ್ಸೆಲ್ ಹಂಚುವ ಕೆಲಸಕ್ಕೆ ಸಾಲುವುದಿಲ್ಲ.

ಕೆಲಸದ ದಿನ ಹೇಗಿರುತ್ತದೆ?

ಬೆಳಿಗ್ಗೆ ಬೇಗ ಡಿಪೋಗೆ ಹೋಗಬೇಕು. ಪಾರ್ಸೆಲ್‌ಗಳನ್ನು ಸ್ಕ್ಯಾನ್ ಮಾಡಿ, ಕೊನೆಗೆ ಕೊಡಬೇಕಾದ್ದನ್ನು ಮೊದಲು ಒಳಗೆ, ಮೊದಲು ಕೊಡಬೇಕಾದ್ದನ್ನು ಬಾಗಿಲ ಹತ್ತಿರ ಜೋಡಿಸಬೇಕು. ಖಾಯಂ ಡ್ರೈವರ್‌ಗೆ ರೂಟು ಬಾಯಿಪಾಠ. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಅಪಾರ್ಟ್‌ಮೆಂಟಿನ ಗೇಟ್ ಕೋಡ್ ಏನು, ಯಾರು ಮಧ್ಯಾಹ್ನ ಮನೆಯಲ್ಲಿರುತ್ತಾರೆ ಎಲ್ಲ ಅವನಿಗೆ ಗೊತ್ತು. ಬದಲಿಗೆ ಹೋದವನಿಗೆ ಇದೊಂದೂ ಗೊತ್ತಿರುವುದಿಲ್ಲ, ಆದರೆ ಪಾರ್ಸೆಲ್ ಸಂಖ್ಯೆ ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಮೊದಲ ಕೆಲವು ದಿನ ಅವನ ಸಂಜೆ ತಡವಾಗುವುದು ಸಹಜ. ದಿನಕ್ಕಿಷ್ಟು ಎಂದು ಒಪ್ಪಿಕೊಂಡವನಿಗೆ ಆ ತಡವೆಲ್ಲ ಪುಕ್ಕಟೆ ದುಡಿಮೆ. ಗಂಟೆಗಿಷ್ಟು ಎಂದು ಒಪ್ಪಿಕೊಂಡವನಿಗೆ ಸಂಬಳ.

ಲೂಕನ್‌ನ ವಿಳಾಸಗಳು ಹೊಸಬರಿಗೆ ಒಂದು ಪರೀಕ್ಷೆಯೇ ಸರಿ. ಬಡಾವಣೆಯ ಹೆಸರು ಒಂದೇ, ಬಾಲ ಮಾತ್ರ ಬೇರೆ. ಗ್ರಿಫೀನ್ ಗ್ಲೆನ್ ಎಂದರೆ ಅದರಲ್ಲೇ ಅವೆನ್ಯೂ, ಡ್ರೈವ್, ಪಾರ್ಕ್, ರೋಡ್ ಎಂದೆಲ್ಲ ಬೀದಿಗಳಿವೆ. ಪ್ರತಿಯೊಂದರಲ್ಲೂ ಒಂದು 12ನೇ ನಂಬರ್ ಮನೆ ಇರಬಹುದು. ಇದಕ್ಕೆ ಮದ್ದು ಏರ್‌ಕೋಡ್. 2015ರಲ್ಲಿ ಬಂದ ಈ ಏಳು ಅಕ್ಷರದ ಕೋಡ್ ಪ್ರತಿ ಮನೆಗೂ ಬೇರೆ ಬೇರೆ. ಲೂಕನ್‌ನದು ಕೆ78ರಿಂದ ಶುರುವಾಗುತ್ತದೆ. ದುಬೈಯ ಮಕಾನಿ ನಂಬರ್ ಬಳಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೀದಿಯ ಹೆಸರು ನಂಬಿ ಹೋಗುವುದಕ್ಕಿಂತ ಏರ್‌ಕೋಡ್ ಹಾಕಿ ಹೋದರೆ ದಿನಕ್ಕೆ ಎಷ್ಟೋ ಸುತ್ತು ಉಳಿಯುತ್ತದೆ.

ಇನ್ನೊಂದು ಸಂಗತಿ ಎಂ50ರ ಟೋಲ್. ಅದು ಇರುವುದೇ 6 ಮತ್ತು 7ನೇ ಜಂಕ್ಷನ್‌ಗಳ ನಡುವೆ, ಅಂದರೆ ಲೂಕನ್ ಮತ್ತು ಬ್ಲಾಂಚರ್ಡ್ಸ್‌ಟೌನ್ ಮಧ್ಯೆ. ದುಬೈಯ ಸಾಲಿಕ್‌ನಂತೆ ಗೇಟಿಲ್ಲ, ಕ್ಯಾಮೆರಾ ಮಾತ್ರ. ಖಾತೆ ಇಲ್ಲದ ವಾಹನವಾದರೆ ಮರುದಿನ ರಾತ್ರಿ 8 ಗಂಟೆಯೊಳಗೆ ಹಣ ಕಟ್ಟಬೇಕು. ಕಂಪನಿ ವ್ಯಾನಿಗೆ ಖಾತೆ ಇದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಡಿಸೆಂಬರ್‌ನಲ್ಲಿ ಬದಲಿ ಕೆಲಸ ಹೆಚ್ಚು, ಬೆಳಕು ಕಡಿಮೆ. ಡಬ್ಲಿನ್‌ನಲ್ಲಿ ಆಗ ಸೂರ್ಯ ಹುಟ್ಟುವುದು ಬೆಳಿಗ್ಗೆ 8.40ರ ಹೊತ್ತಿಗೆ, ಮುಳುಗುವುದು ಸಂಜೆ 4.10ರ ಒಳಗೆ. ಅರ್ಧ ದಿನ ಕತ್ತಲೆಯಲ್ಲಿ, ಮಳೆಯಲ್ಲಿ ಮನೆ ನಂಬರ್ ಹುಡುಕಬೇಕು. ನೆತ್ತಿಗೆ ಕಟ್ಟುವ ಟಾರ್ಚ್, ನೀರು ನುಗ್ಗದ ಬೂಟು ಇಲ್ಲದೆ ಆಗುವ ಕೆಲಸವಲ್ಲ.

ಲೈಸೆನ್ಸ್: ಗಲ್ಫ್ ಅನುಭವ ಕೈಯಲ್ಲಿ, ಕಾಗದದಲ್ಲಿ ಅಲ್ಲ

ರಸ್ತೆಯ ಎಡಬದಿಯಲ್ಲಿ ಓಡಿಸುವುದು ಊರಿನಲ್ಲಿ ಕಲಿತವರಿಗೆ ಹೊಸದಲ್ಲ. ಗಲ್ಫ್‌ನ ಬಲಬದಿಯ ಅಭ್ಯಾಸ ಬಿಡಿಸಿಕೊಳ್ಳಲು ಸ್ವಲ್ಪ ದಿನ ಬೇಕಾಗುತ್ತದೆ, ಅಷ್ಟೆ. ತೊಂದರೆ ಇರುವುದು ಕಾಗದದಲ್ಲಿ. ಭಾರತದ ಲೈಸೆನ್ಸನ್ನಾಗಲಿ ಯುಎಇ ಲೈಸೆನ್ಸನ್ನಾಗಲಿ ಐರಿಷ್ ಲೈಸೆನ್ಸಿಗೆ ಬದಲಾಯಿಸಿಕೊಳ್ಳಲು ಆಗುವುದಿಲ್ಲ. ಭೇಟಿಗೆ ಬಂದವರು 12 ತಿಂಗಳವರೆಗೆ ಹೊರದೇಶದ ಲೈಸೆನ್ಸಿನಲ್ಲಿ ಓಡಿಸಬಹುದು. ನೆಲೆಸಲು ಬಂದವರು ಥಿಯರಿ ಟೆಸ್ಟ್, ಲರ್ನರ್ ಪರ್ಮಿಟ್, ಕಡ್ಡಾಯ ತರಬೇತಿ, ಡ್ರೈವಿಂಗ್ ಟೆಸ್ಟ್ ಎಂಬ ಪೂರ್ತಿ ದಾರಿ ಹಿಡಿಯಲೇಬೇಕು. ಹೊಸಬರಿಗೆ ಕಡ್ಡಾಯ ಪಾಠ 12. ಹೊರದೇಶದ ಪೂರ್ಣ ಲೈಸೆನ್ಸ್ ಇದ್ದವರು ಕಡಿಮೆ ಪಾಠದ ರಿಯಾಯಿತಿಗೆ ಅರ್ಜಿ ಹಾಕಬಹುದು. ಹಾಗಾಗಿ ಹಳೆಯ ಲೈಸೆನ್ಸನ್ನು ಎಸೆಯಬಾರದು.

ಲರ್ನರ್ ಪರ್ಮಿಟ್‌ನಲ್ಲಿ ಒಬ್ಬರೇ ಓಡಿಸುವಂತಿಲ್ಲ. ಅಂದರೆ ಟೆಸ್ಟ್ ಪಾಸಾಗುವವರೆಗೆ ಈ ಕೆಲಸದ ಮಾತೇ ಇಲ್ಲ. ಪಾಸಾದ ಮೇಲೂ ಎರಡು ವರ್ಷ ವಾಹನಕ್ಕೆ 'ಎನ್' ಫಲಕ ಅಂಟಿಸಬೇಕು. ಇಪ್ಪತ್ತು ವರ್ಷ ಟ್ರೈಲರ್ ಓಡಿಸಿದವನೂ ಇಲ್ಲಿ ಹೊಸ ಡ್ರೈವರ್. ಆ ಎರಡು ವರ್ಷದಲ್ಲಿ 7 ಪೆನಾಲ್ಟಿ ಪಾಯಿಂಟ್ ಆದರೆ ಆರು ತಿಂಗಳು ಲೈಸೆನ್ಸ್ ಹೋಗುತ್ತದೆ. ಉಳಿದವರಿಗೆ ಆ ಮಿತಿ 12. ವೇಗ ಮೀರಿದರೆ 3 ಪಾಯಿಂಟ್ ಮತ್ತು 160 ಯೂರೋ, ಕೈಯಲ್ಲಿ ಫೋನ್ ಹಿಡಿದರೆ 3 ಪಾಯಿಂಟ್ ಮತ್ತು 120 ಯೂರೋ. ವ್ಯಾನ್ ಕಂಪನಿಯದಾದರೂ ಪಾಯಿಂಟ್ ಓಡಿಸಿದವನ ಹೆಸರಿಗೇ ಬೀಳುತ್ತದೆ. ಗ್ರಾಮೀಣ ಸ್ಥಳೀಯ ರಸ್ತೆಗಳ ಸಾಮಾನ್ಯ ವೇಗಮಿತಿಯನ್ನು 2025ರ ಫೆಬ್ರವರಿಯಲ್ಲಿ 80ರಿಂದ 60 ಕಿ.ಮೀ.ಗೆ ಇಳಿಸಿದ್ದಾರೆ ಎನ್ನುವುದೂ ನೆನಪಿರಲಿ.

ಸಾಮಾನ್ಯ ಬಿ ದರ್ಜೆಯ ಲೈಸೆನ್ಸಿನಲ್ಲಿ 3,500 ಕಿಲೋವರೆಗಿನ ವ್ಯಾನ್ ಓಡಿಸಬಹುದು. ಪಾರ್ಸೆಲ್ ವ್ಯಾನ್‌ಗಳು ಹೆಚ್ಚಾಗಿ ಈ ಮಿತಿಯೊಳಗೇ ಇರುತ್ತವೆ.

ಮೊದಲು ಕಾರ್ಡು ನೋಡಿ

ಐಆರ್‌ಪಿ ಕಾರ್ಡು ಅಂದರೆ ಅಲ್ಲಿನ ಇಖಾಮಾ ಇದ್ದಂತೆ. ಅದರ ಮೇಲಿರುವ ಸ್ಟ್ಯಾಂಪ್ ನಂಬರ್ ನೋಡಿದರೆ ಈ ಕೆಲಸ ಮಾಡಬಹುದೋ ಇಲ್ಲವೋ ಗೊತ್ತಾಗುತ್ತದೆ.

ಸ್ಟ್ಯಾಂಪ್ 1: ವರ್ಕ್ ಪರ್ಮಿಟ್ ಮೇಲೆ ಬಂದವರು. ಪರ್ಮಿಟ್‌ನಲ್ಲಿರುವ ಮಾಲೀಕರ ಬಳಿ, ಅದರಲ್ಲಿರುವ ಕೆಲಸ ಮಾತ್ರ. ಬಿಡುವಿನ ದಿನ ಪಾರ್ಸೆಲ್ ಬದಲಿಗೆ ಹೋಗುವಂತಿಲ್ಲ.

ಸ್ಟ್ಯಾಂಪ್ 1ಜಿ: ಕ್ರಿಟಿಕಲ್ ಸ್ಕಿಲ್ಸ್ ಪರ್ಮಿಟ್‌ನಲ್ಲಿರುವ ನರ್ಸ್, ಇಂಜಿನಿಯರ್ ಮೊದಲಾದವರ ಗಂಡ ಅಥವಾ ಹೆಂಡತಿಗೆ ಸಿಗುವುದು ಇದು. 2024ರ ಮೇ ತಿಂಗಳಿಂದ ಜನರಲ್ ಪರ್ಮಿಟ್‌ನವರ ಸಂಗಾತಿಗೂ ಸಿಗುತ್ತಿದೆ. ಇವರಿಗೆ ಬೇರೆ ಪರ್ಮಿಟ್ ಬೇಡ, ಯಾವ ಮಾಲೀಕರ ಬಳಿ ಬೇಕಾದರೂ ನೌಕರಿ ಮಾಡಬಹುದು. ಆದರೆ ಸ್ವಂತ ಉದ್ಯೋಗ, ಸ್ವಂತ ವ್ಯವಹಾರ ಮಾಡುವಂತಿಲ್ಲ. ಓದು ಮುಗಿಸಿ 1ಜಿ ಪಡೆದವರಿಗೂ ಇದೇ ನಿಯಮ.

ಸ್ಟ್ಯಾಂಪ್ 2: ವಿದ್ಯಾರ್ಥಿಗಳು. ವಾರಕ್ಕೆ 20 ಗಂಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮತ್ತು ಡಿಸೆಂಬರ್ 15ರಿಂದ ಜನವರಿ 15ರವರೆಗೆ 40 ಗಂಟೆ. ಎರಡು ಮೂರು ಕಡೆ ಕೆಲಸವಿದ್ದರೆ ಎಲ್ಲ ಸೇರಿ ಇಷ್ಟು. ಸ್ವಂತ ಉದ್ಯೋಗಕ್ಕೆ ಇವರಿಗೂ ಅವಕಾಶವಿಲ್ಲ.

ಸ್ಟ್ಯಾಂಪ್ 4: ಇವರಿಗೆ ನೌಕರಿಯೂ ಆಗುತ್ತದೆ, ಸ್ವಂತ ಉದ್ಯೋಗವೂ ಆಗುತ್ತದೆ.

ಈಗ ಗಂಟು ಎಲ್ಲಿದೆ ನೋಡಿ. "ನೀವು ನಮ್ಮ ನೌಕರರಲ್ಲ, ಸ್ವಂತ ಉದ್ಯೋಗಿ. ಇನ್‌ವಾಯ್ಸ್ ಕಳಿಸಿ, ದಿನದ ದುಡ್ಡು ಹಾಕ್ತೇವೆ" ಎಂದು ಬದಲಿ ಡ್ರೈವರ್‌ಗೆ ಹೇಳುವುದು ಈ ವ್ಯವಹಾರದಲ್ಲಿ ಅಪರೂಪವಲ್ಲ. 1ಜಿಯಲ್ಲಿರುವ ಗಂಡ ಅದಕ್ಕೆ ಸಹಿ ಹಾಕಿದ ಕ್ಷಣ ತನ್ನ ಅನುಮತಿಯ ಷರತ್ತು ಮುರಿದಂತೆ. ವರ್ಷವರ್ಷವೂ ನವೀಕರಿಸಬೇಕಾದ ಕಾರ್ಡು ಅದು. ಮುಂದೆ ಸ್ಟ್ಯಾಂಪ್ 4, ಪೌರತ್ವ ಎಂದು ಅರ್ಜಿ ಹಾಕುವಾಗಲೂ ಹಿಂದಿನ ದಾಖಲೆ ನೋಡುತ್ತಾರೆ. ಒಂದು ದಿನದ ಬದಲಿ ಕೂಲಿಗೆ ಇಡೀ ಸಂಸಾರದ ದಾರಿಗೆ ಮುಳ್ಳು ಹಾಕಿಕೊಳ್ಳುವುದು ಬೇಡ.

ಗಲ್ಫ್‌ನಲ್ಲಿದ್ದುಕೊಂಡೇ ಈ ಕೆಲಸಕ್ಕೆ ಐರ್ಲೆಂಡಿಗೆ ಹೋಗಬಹುದೇ ಎಂದು ಕೇಳುವವರಿಗೂ ಉತ್ತರ ಸ್ಪಷ್ಟ. ವ್ಯಾನ್ ಡ್ರೈವರ್ ಕೆಲಸ ಐರ್ಲೆಂಡಿನ ಪರ್ಮಿಟ್ ಸಿಗದ ಉದ್ಯೋಗಗಳ ಪಟ್ಟಿಯಲ್ಲಿದೆ. ಭಾರೀ ಲಾರಿ ಚಾಲಕರ ವಿಷಯ ಬೇರೆ, ಅದಕ್ಕೆ ಬೇರೆ ಲೈಸೆನ್ಸ್, ಬೇರೆ ಷರತ್ತು. "ಐರ್ಲೆಂಡ್ ಡೆಲಿವರಿ ಡ್ರೈವರ್ ವೀಸಾ" ಎಂದು ಯಾರಾದರೂ ಲಕ್ಷಗಟ್ಟಲೆ ಕೇಳಿದರೆ ಅಲ್ಲೇ ನಿಲ್ಲಿಸಬೇಕು. ಗಲ್ಫ್‌ನವರು 'ಫ್ರೀ ವೀಸಾ' ಎನ್ನುವಂಥದ್ದು ಅಲ್ಲಿ ಇಲ್ಲವೇ ಇಲ್ಲ. ಪರ್ಮಿಟ್ ಖರ್ಚನ್ನು ನೌಕರನ ಸಂಬಳದಿಂದ ಮುರಿದುಕೊಳ್ಳುವುದು, ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಎರಡೂ ಅಲ್ಲಿನ ಕಾನೂನಿಗೆ ವಿರುದ್ಧ.

ಸ್ವಂತ ಉದ್ಯೋಗಿ ಎಂದು ಬರೆದುಕೊಟ್ಟರೆ ಆಯಿತೇ?

ಇಲ್ಲ ಎಂದಿದೆ ಐರ್ಲೆಂಡಿನ ಸುಪ್ರೀಂ ಕೋರ್ಟ್. ಡೊಮಿನೋಸ್ ಪಿಜ್ಜಾ ಹೆಸರಿನಲ್ಲಿ ವ್ಯಾಪಾರ ಮಾಡುತ್ತಿದ್ದ ಕರ್ಷನ್ (ಮಿಡ್‌ಲ್ಯಾಂಡ್ಸ್) ಎಂಬ ಕಂಪನಿ ತನ್ನ ಡೆಲಿವರಿ ಡ್ರೈವರ್‌ಗಳನ್ನು ಸ್ವತಂತ್ರ ಗುತ್ತಿಗೆದಾರರೆಂದು ತೋರಿಸಿತ್ತು. ತೆರಿಗೆ ಇಲಾಖೆಯಾದ ರೆವೆನ್ಯೂ ಒಪ್ಪಲಿಲ್ಲ. 2010 ಮತ್ತು 2011ರ ತೆರಿಗೆಗೆ ಸಂಬಂಧಿಸಿದ ಈ ತಕರಾರು ಬೆಳೆದು 2023ರ ಅಕ್ಟೋಬರ್ 20ರಂದು ತೀರ್ಪು ಬಂತು. ತೆರಿಗೆಯ ಮಟ್ಟಿಗೆ ಆ ಡ್ರೈವರ್‌ಗಳು ನೌಕರರೇ ಎಂದು ಕೋರ್ಟ್ ಹೇಳಿತು.

ಐದು ಪ್ರಶ್ನೆ ಕೇಳಬೇಕೆಂದು ಆ ತೀರ್ಪು ತಿಳಿಸಿದೆ. ಕೆಲಸಕ್ಕೆ ಸಂಬಳ ಅಥವಾ ಪ್ರತಿಫಲ ಇದೆಯೇ? ಕೆಲಸವನ್ನು ಆ ವ್ಯಕ್ತಿಯೇ ಮಾಡಬೇಕೆ? ಕೆಲಸದ ಮೇಲೆ ಕಂಪನಿಗೆ ಸಾಕಷ್ಟು ಹಿಡಿತ ಇದೆಯೇ? ಒಪ್ಪಂದ ಮತ್ತು ನಿಜವಾಗಿ ನಡೆಯುವ ಕೆಲಸ ಎರಡನ್ನೂ ಸೇರಿಸಿ ನೋಡಿದರೆ ನೌಕರಿಯಂತೆ ಕಾಣುತ್ತದೆಯೇ, ಅಥವಾ ಆತ ತನ್ನದೇ ವ್ಯವಹಾರ ನಡೆಸುತ್ತಿರುವಂತೆಯೇ? ಅನ್ವಯಿಸುವ ಕಾಯ್ದೆಯಲ್ಲಿ ಬೇರೇನಾದರೂ ಹೇಳಿದೆಯೇ?

ಬದಲಿ ಡ್ರೈವರ್‌ಗೆ ಎರಡನೇ ಪ್ರಶ್ನೆ ಬಹಳ ಮುಖ್ಯ. "ನಿಮಗೆ ಬರಲಾಗದಿದ್ದರೆ ಬೇರೆಯವರನ್ನು ಕಳಿಸಬಹುದು, ಹಾಗಾಗಿ ನೀವು ನೌಕರರಲ್ಲ" ಎಂದು ಕಂಪನಿಗಳು ವಾದಿಸುವುದುಂಟು. ಆ ಮೊಕದ್ದಮೆಯಲ್ಲೂ ಈ ವಾದ ಬಂದಿತ್ತು. ಆದರೆ ಅಲ್ಲಿ ಒಬ್ಬ ಡ್ರೈವರ್ ಬರದಿದ್ದರೆ ಬರುತ್ತಿದ್ದವನು ಅದೇ ಕಂಪನಿಯ ಇನ್ನೊಬ್ಬ ಡ್ರೈವರ್, ಅವನಿಗೆ ದುಡ್ಡು ಕೊಡುತ್ತಿದ್ದದ್ದೂ ಕಂಪನಿಯೇ. ಅದು ನಿಜವಾದ ಬದಲಿ ಹಕ್ಕಲ್ಲ ಎಂದು ಕೋರ್ಟ್ ನೋಡಿತು. ಕಂಪನಿ ತಾನೇ ಕರೆದು, ತಾನೇ ರೂಟು ಕೊಟ್ಟು, ತಾನೇ ದುಡ್ಡು ಕೊಡುವ ಬದಲಿ ಡ್ರೈವರ್‌ನನ್ನು ಇದೇ ಕಣ್ಣಿನಿಂದ ನೋಡಬೇಕು.

ಅನುಮಾನವಿದ್ದರೆ ಸಾಮಾಜಿಕ ರಕ್ಷಣಾ ಇಲಾಖೆಯ ಸ್ಕೋಪ್ ವಿಭಾಗಕ್ಕೆ ಬರೆದು ತೀರ್ಮಾನ ಕೇಳಬಹುದು. ಆದರೆ 1ಜಿಯಲ್ಲಿರುವವರು ಆಮೇಲೆ ವಾದ ಮಾಡಿ ಗೆಲ್ಲುವುದಕ್ಕಿಂತ ಸಹಿ ಹಾಕುವ ಮೊದಲೇ ನೌಕರಿ ಪತ್ರ ಕೇಳುವುದು ಲೇಸು.

ದಿನದ ದುಡ್ಡಿನ ನಿಜವಾದ ಲೆಕ್ಕ

ಸ್ಟ್ಯಾಂಪ್ 4 ಇದ್ದವರೂ ಕಣ್ಣು ಮುಚ್ಚಿ ಒಪ್ಪಬೇಕಾಗಿಲ್ಲ. ಉದಾಹರಣೆಗೆ, ಸ್ವಂತ ವ್ಯಾನಿನಲ್ಲಿ ಬದಲಿಗೆ ಬಂದರೆ ದಿನಕ್ಕೆ 160 ಯೂರೋ ಎಂದು ಮಾತಾಯಿತು ಅಂದುಕೊಳ್ಳಿ. ಡಿಪೋದಲ್ಲಿ ತುಂಬುವುದೂ ಸೇರಿ 10 ಗಂಟೆ.

ಡೀಸೆಲ್ 22, ವಾಣಿಜ್ಯ ವಿಮೆಯ ಒಂದು ದಿನದ ಪಾಲು 14, ಟೈರ್, ಸರ್ವಿಸ್, ವಾರ್ಷಿಕ ತಪಾಸಣೆಯ ಪಾಲು 12, ಫೋನ್ ಮತ್ತು ಟೋಲ್ 6. ಒಟ್ಟು 54 ಯೂರೋ ಹೋಯಿತು. ಕೈಯಲ್ಲಿ ಉಳಿದದ್ದು 106, ಅಂದರೆ ಗಂಟೆಗೆ 10.60. ವ್ಯಾನಿನ ಬೆಲೆ ವರ್ಷ ವರ್ಷ ಇಳಿಯುವುದನ್ನು ಇನ್ನೂ ಸೇರಿಸಿಲ್ಲ.

ನೌಕರನಾಗಿ ಹೋದವನ ಲೆಕ್ಕ ಹೀಗಿರುತ್ತದೆ. ಐರ್ಲೆಂಡಿನ ಕನಿಷ್ಠ ವೇತನ 2025ರಲ್ಲಿ ಗಂಟೆಗೆ 13.50 ಯೂರೋ ಇತ್ತು, 2026ರ ಜನವರಿ 1ರಿಂದ 14.15. ಅರ್ಧ ಗಂಟೆಯ ಊಟದ ವಿರಾಮಕ್ಕೆ ಸಂಬಳವಿಲ್ಲ ಎಂದರೂ 9.5 ಗಂಟೆಗೆ 134.43 ಯೂರೋ. ದುಡಿದ ಗಂಟೆಗಳ ಶೇ. 8ರಷ್ಟು ಸಂಬಳದ ರಜೆ ಬೇರೆ, ಅದರ ಬೆಲೆ ಸುಮಾರು 10.75. ಡೀಸೆಲ್, ವಿಮೆ, ಟೈರ್ ಯಾವುದೂ ಅವನ ತಲೆಯ ಮೇಲಿಲ್ಲ. ಕೇಳಲು 160 ದೊಡ್ಡದು, ಜೇಬಿಗೆ ಬರುವಾಗ 134 ದೊಡ್ಡದು.

ತೆರಿಗೆ, ಪಿಆರ್‌ಎಸ್‌ಐ: ಗಲ್ಫ್‌ನಿಂದ ಬಂದವರಿಗೆ ಹೊಸ ಪಾಠ

ಗಲ್ಫ್‌ನಲ್ಲಿ ಸಂಬಳಕ್ಕೆ ತೆರಿಗೆ ಕಟ್ಟಿ ಅಭ್ಯಾಸವಿಲ್ಲದವರಿಗೆ ಮೊದಲ ಪೇಸ್ಲಿಪ್ ನೋಡಿ ಗಾಬರಿಯಾಗುತ್ತದೆ. ಅದಕ್ಕೆ ಹೆಚ್ಚಿನ ಸಲ ಕಾರಣ ಎಮರ್ಜೆನ್ಸಿ ಟ್ಯಾಕ್ಸ್. ಪಿಪಿಎಸ್ ನಂಬರ್ ಕೊಡದಿದ್ದರೆ ಮೊದಲ ದಿನದಿಂದಲೇ ಶೇ. 40 ಆದಾಯ ತೆರಿಗೆ ಮುರಿಯುತ್ತಾರೆ. ಕೆಲಸ ಶುರುವಾಗುವ ಮೊದಲೇ ರೆವೆನ್ಯೂನ ಆನ್‌ಲೈನ್ ಖಾತೆಯಲ್ಲಿ ಹೊಸ ಕೆಲಸ ನೋಂದಾಯಿಸಿದರೆ ಈ ತಲೆನೋವು ಇರುವುದಿಲ್ಲ. ಹೆಚ್ಚು ಮುರಿದದ್ದು ಆಮೇಲೆ ವಾಪಸ್ ಬರುತ್ತದೆ.

ವಾರಕ್ಕೆ ಎರಡು ದಿನ ನೌಕರನಾಗಿ ಬದಲಿಗೆ ಹೋಗುವವನನ್ನೇ ತೆಗೆದುಕೊಳ್ಳೋಣ. ವಾರಕ್ಕೆ ಸುಮಾರು 269 ಯೂರೋ. ಪಿಆರ್‌ಎಸ್‌ಐ ಅಂದರೆ ಸಾಮಾಜಿಕ ವಿಮೆಯ ಕಂತು. ವಾರದ ಸಂಬಳ 38ರಿಂದ 352 ಯೂರೋ ಒಳಗಿದ್ದರೆ ನೌಕರ ಒಂದು ಸೆಂಟ್ ಕೂಡ ಕಟ್ಟಬೇಕಾಗಿಲ್ಲ, ಮಾಲೀಕರ ಪಾಲು ಮಾತ್ರ ಹೋಗುತ್ತದೆ. ಆದರೂ ಆ ವಾರ ಎ ದರ್ಜೆಯ ಪೂರ್ತಿ ಕಂತಾಗಿ ದಾಖಲಾಗುತ್ತದೆ. ವರ್ಷಕ್ಕೆ 48 ವಾರ ಹೋದರೆ ಒಟ್ಟು ಸುಮಾರು 12,900 ಯೂರೋ. ಯುಎಸ್‌ಸಿ ಎಂಬ ಇನ್ನೊಂದು ತೆರಿಗೆ 13,000ದವರೆಗೆ ಇಲ್ಲ.

ಇದಕ್ಕೆ ಇಷ್ಟು ಮಹತ್ವ ಏಕೆಂದರೆ, ಎ ದರ್ಜೆಯವನಿಗೆ ಭಾರದ ಪೆಟ್ಟಿಗೆ ಎತ್ತಿ ಬೆನ್ನು ಹಿಡಿದರೆ ಕೆಲಸದ ಗಾಯದ ಭತ್ಯೆಗೆ ದಾರಿಯಿದೆ. ಕಂತುಗಳು ಸಾಕಷ್ಟಾದ ಮೇಲೆ ಕಾಯಿಲೆ ಭತ್ಯೆಗೂ ಇದೆ. ಸ್ವಂತ ಉದ್ಯೋಗಿಯ ಎಸ್ ದರ್ಜೆಯಲ್ಲಿ ಪಿಂಚಣಿ ಮುಂತಾದವು ಉಂಟು, ಈ ಎರಡು ಇಲ್ಲ. ಮೆಟ್ಟಿಲು ಹತ್ತಿ ಇಳಿಯುವ ಕೆಲಸದಲ್ಲಿ ಬೇಕಾಗುವುದು ಆ ಎರಡೇ.

ದಂಪತಿಗಳು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಮನೆಯಲ್ಲಿದ್ದರೆ ದುಡಿಯುವವರಿಗೆ ಹೋಮ್ ಕೇರರ್ ಎಂಬ ತೆರಿಗೆ ರಿಯಾಯಿತಿ ಸಿಗುತ್ತದೆ, 2025ರಲ್ಲಿ 1,950 ಯೂರೋ. ಮನೆಯಲ್ಲಿರುವವರ ಆದಾಯ ವರ್ಷಕ್ಕೆ 7,200 ದಾಟಿದರೆ, ದಾಟಿದ್ದರ ಅರ್ಧದಷ್ಟು ಈ ರಿಯಾಯಿತಿ ಇಳಿಯುತ್ತದೆ. ಬದಲಿ ಕೆಲಸದಿಂದ 9,000 ಬಂದರೆ 900 ಇಳಿದು 1,050 ಉಳಿಯುತ್ತದೆ. 11,100 ತಲುಪಿದರೆ ಪೂರ್ತಿ ಹೋಗುತ್ತದೆ. ಅದರ ಬದಲು ಇಬ್ಬರೂ ದುಡಿಯುವವರಿಗೆ ಸಿಗುವ ಹೆಚ್ಚಿನ ಶೇ. 20ರ ಮಿತಿಯನ್ನು ಆರಿಸಿಕೊಳ್ಳಬಹುದು, ಯಾವುದು ಲಾಭವೋ ಅದು. ವರ್ಷದ ಕೊನೆಯಲ್ಲಿ ಎರಡನ್ನೂ ಹಾಕಿ ನೋಡುವುದು ಅರ್ಧ ಗಂಟೆಯ ಕೆಲಸ.

ಸ್ವಂತ ಉದ್ಯೋಗಿಯಾಗಿ ದುಡಿದವರು ಮುಂದಿನ ವರ್ಷ ಅಕ್ಟೋಬರ್ 31ರೊಳಗೆ ಫಾರ್ಮ್ 11 ಸಲ್ಲಿಸಬೇಕು. ಡೀಸೆಲ್ ಚೀಟಿಯಿಂದ ಹಿಡಿದು ಎಲ್ಲ ಬಿಲ್ಲುಗಳನ್ನೂ ಆರು ವರ್ಷ ಇಟ್ಟುಕೊಳ್ಳಬೇಕು.

ಬದಲಿಯವನಿಗೆ ಇರುವ ಹಕ್ಕು, ಇಲ್ಲದ ಹಕ್ಕು

2019ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಕಾನೂನು, ಗಂಟೆಗಳ ಖಾತರಿಯೇ ಇಲ್ಲದ ಒಪ್ಪಂದಗಳನ್ನು ಐರ್ಲೆಂಡಿನಲ್ಲಿ ಬಹುಮಟ್ಟಿಗೆ ನಿಷೇಧಿಸಿತು. ಆದರೆ ಅದಕ್ಕೆ ಮೂರು ವಿನಾಯಿತಿಗಳಿವೆ: ಆಗೊಮ್ಮೆ ಈಗೊಮ್ಮೆ ಮಾಡುವ ಕೆಲಸ, ತುರ್ತು ಸಂದರ್ಭ, ಮತ್ತು ಬೇರೆ ನೌಕರರ ಸಾಮಾನ್ಯ ಗೈರುಹಾಜರಿ ತುಂಬುವ ಅಲ್ಪಾವಧಿಯ ಬದಲಿ ಕೆಲಸ. ಅಂದರೆ ಕಾನೂನಿನ ಕೊಡೆ ಹಿಡಿದಾಗ ಬದಲಿ ಡ್ರೈವರ್ ನಿಂತಿರುವುದು ಸರಿಯಾಗಿ ಅಂಚಿನಲ್ಲಿ. ಈ ವಾರ ಮೂರು ದಿನ, ಮುಂದಿನ ವಾರ ಸೊನ್ನೆ ಎಂದರೆ ಕೇಳುವುದು ಕಷ್ಟ. 2025ರ ಜನವರಿ 24ರಂದು ಎಓವಿನ್ ಚಂಡಮಾರುತಕ್ಕೆ ಇಡೀ ದೇಶಕ್ಕೆ ಕೆಂಪು ಎಚ್ಚರಿಕೆ ಕೊಟ್ಟಿದ್ದರು. ಅಂಥ ದಿನಗಳಲ್ಲಿ ಮೊದಲು ಕೂಲಿ ಕಳೆದುಕೊಳ್ಳುವುದು ಖಾತರಿಯಿಲ್ಲದವರೇ. ಆದ್ದರಿಂದ ಮನೆ ಬಾಡಿಗೆಯನ್ನು ಈ ಆದಾಯದ ಮೇಲೆ ನಿಲ್ಲಿಸಬಾರದು. ಆದರೆ ಹೆಸರಿಗೆ ಮಾತ್ರ ಬದಲಿ, ಓಡಿಸುವುದು ತಿಂಗಳುಗಟ್ಟಲೆ ಅದೇ ರೂಟು, ಅದೇ ದಿನ ಎಂದಾದರೆ ಆ ವಿನಾಯಿತಿಯನ್ನು ಪ್ರಶ್ನಿಸಬಹುದು.

ಗಂಟೆಗಳ ಖಾತರಿ ಇಲ್ಲದಿದ್ದರೂ ನೌಕರನಾಗಿ ಹೋದ ಬದಲಿ ಡ್ರೈವರ್‌ಗೆ ಇವು ಇದ್ದೇ ಇವೆ:

– ಸೇರಿದ ಐದು ದಿನದೊಳಗೆ ಮುಖ್ಯ ಷರತ್ತುಗಳು ಬರವಣಿಗೆಯಲ್ಲಿ, ಪ್ರತಿ ಪಾವತಿಗೂ ಪೇಸ್ಲಿಪ್.

– 4.5 ಗಂಟೆ ದುಡಿದರೆ 15 ನಿಮಿಷ, 6 ಗಂಟೆಗೆ ಒಟ್ಟು 30 ನಿಮಿಷ ವಿರಾಮ. ಎರಡು ದಿನದ ಕೆಲಸದ ನಡುವೆ 11 ಗಂಟೆ ಬಿಡುವು.

– ಎಲ್ಲ ಕೆಲಸ ಸೇರಿ ವಾರಕ್ಕೆ ಸರಾಸರಿ 48 ಗಂಟೆಗಿಂತ ಹೆಚ್ಚಿಲ್ಲ.

– ಹಿಂದಿನ ಐದು ವಾರಗಳಲ್ಲಿ 40 ಗಂಟೆ ದುಡಿದಿದ್ದರೆ ಸಾರ್ವಜನಿಕ ರಜೆಯ ಸೌಲಭ್ಯ. ವರ್ಷಕ್ಕೆ ಇಂಥ ರಜೆ 10.

– ಪಾರ್ಸೆಲ್ ಕಳೆಯಿತು, ವ್ಯಾನಿಗೆ ಗೀರಾಯಿತು ಎಂದು ಸಂಬಳ ಮುರಿಯಬೇಕಾದರೆ ಒಪ್ಪಂದದಲ್ಲಿ ಅದು ಇರಬೇಕು, ಮೊತ್ತ ನ್ಯಾಯವಾಗಿರಬೇಕು, ಒಂದು ವಾರ ಮೊದಲು ಲಿಖಿತ ತಿಳಿವಳಿಕೆ ಕೊಡಬೇಕು.

ಇವು ಸಿಗದಿದ್ದರೆ ವರ್ಕ್‌ಪ್ಲೇಸ್ ರಿಲೇಷನ್ಸ್ ಕಮಿಷನ್‌ಗೆ ಆರು ತಿಂಗಳೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ. ದಿನ, ಹೋದ ಹೊತ್ತು, ಬಿಟ್ಟ ಹೊತ್ತು, ಬಂದ ಮೆಸೇಜ್ ಎಲ್ಲವನ್ನೂ ಒಂದು ಡೈರಿಯಲ್ಲಿ ಬರೆದಿಟ್ಟವರ ದೂರಿಗೆ ತೂಕ ಹೆಚ್ಚು.

ಕಂಪನಿಯೇ ಮುಳುಗಿದರೆ?

2025ರ ಅಕ್ಟೋಬರ್ ಕೊನೆಯಲ್ಲಿ ಐರ್ಲೆಂಡಿನ ಹೆಸರಾಂತ ಪಾರ್ಸೆಲ್ ಸಂಸ್ಥೆ ಫಾಸ್ಟ್‌ವೇ ಕೊರಿಯರ್ಸ್ ರಿಸೀವರ್ ಕೈಗೆ ಹೋಯಿತು. ಸುಮಾರು 300 ನೌಕರರ ಕೆಲಸಕ್ಕೆ ಕುತ್ತು ಬಂತು. ಅದರ ರೂಟುಗಳನ್ನು ಗುತ್ತಿಗೆಗೆ ಓಡಿಸುತ್ತಿದ್ದ ಡ್ರೈವರ್‌ಗಳೂ ರಾತ್ರೋರಾತ್ರಿ ಕೆಲಸವಿಲ್ಲದವರಾದರು. ಅದೂ ಕ್ರಿಸ್‌ಮಸ್ ಹಂಗಾಮು ಎದುರಿಗಿರುವಾಗ. ಇಂಥ ಹೊತ್ತಿನಲ್ಲಿ ನೌಕರರ ಬಾಕಿ ಸಂಬಳಕ್ಕೆ ಸರ್ಕಾರದ ದಿವಾಳಿ ಪಾವತಿ ಯೋಜನೆ ಇದೆ. ಇನ್‌ವಾಯ್ಸ್ ಕಳಿಸಿ ಕಾಯುತ್ತಿದ್ದ ಸ್ವಂತ ಉದ್ಯೋಗಿ ಮಾತ್ರ ಉಳಿದ ಸಾಲಗಾರರ ಸಾಲಿನಲ್ಲಿ ನಿಲ್ಲಬೇಕು. ವ್ಯತ್ಯಾಸ ಮತ್ತೆ ಅದೇ: ಯಾವ ಹೆಸರಿನಲ್ಲಿ ವ್ಯಾನ್ ಓಡಿತು?

"ನಾಳೆ ಬರ್ತೀರಾ?" ಎಂದಾಗ ಕೇಳಬೇಕಾದ ಏಳು ಪ್ರಶ್ನೆ

1. ಸಂಬಳ ಕೊಡುವ ಸಂಸ್ಥೆಯ ಪೂರ್ತಿ ಹೆಸರೇನು?
2. ನನ್ನನ್ನು ನೌಕರನಾಗಿ ಸೇರಿಸಿಕೊಳ್ಳುತ್ತೀರಾ? ಪಿಪಿಎಸ್ ನಂಬರ್ ಕೇಳುತ್ತೀರಾ, ಇನ್‌ವಾಯ್ಸ್ ಕೇಳುತ್ತೀರಾ?
3. ಸಂಬಳ ಗಂಟೆಗೋ, ದಿನಕ್ಕೋ, ಪಾರ್ಸೆಲ್‌ಗೋ? ಡಿಪೋದಲ್ಲಿ ತುಂಬುವ ಹೊತ್ತು ಲೆಕ್ಕಕ್ಕೆ ಇದೆಯೇ?
4. ವ್ಯಾನ್ ಯಾರದು? ವಿಮೆಯಲ್ಲಿ ನನ್ನ ಹೆಸರು ಸೇರುತ್ತದೆಯೇ? 'ಎನ್' ಫಲಕದವರಿಗೆ ಆ ವಿಮೆ ಅನ್ವಯಿಸುತ್ತದೆಯೇ?
5. ಡೀಸೆಲ್, ಟೋಲ್ ಯಾರ ಖರ್ಚು?
6. ಪಾರ್ಸೆಲ್ ಕಳೆದರೆ, ಗಾಡಿಗೆ ಪೆಟ್ಟಾದರೆ ಏನು ನಿಯಮ?
7. ಬಾ ಎಂದು ಕರೆದು ಕೆಲಸ ಇಲ್ಲ ಎಂದರೆ ಆ ದಿನಕ್ಕೆ ಏನು ಕೊಡುತ್ತೀರಿ?

ನೇರವಾಗಿ ನಡೆದುಕೊಳ್ಳುವ ಸಂಸ್ಥೆಗೆ ಈ ಏಳಕ್ಕೂ ಉತ್ತರ ಕೊಡಲು ಹತ್ತು ನಿಮಿಷ ಸಾಕು. ಎರಡನೇ ಪ್ರಶ್ನೆಗೆ "ಅದೆಲ್ಲ ಆಮೇಲೆ ನೋಡೋಣ, ಮೊದಲು ಬನ್ನಿ" ಎಂಬ ಉತ್ತರ ಬಂದರೆ, 1ಜಿ ಅಥವಾ ಸ್ಟ್ಯಾಂಪ್ 2 ಕಾರ್ಡಿನವರು ಆ ದಿನ ಮನೆಯಲ್ಲೇ ಇರುವುದು ಲಾಭ. ಇಂಥ ಬದಲಿ ದಿನ ಮತ್ತೆ ಸಿಗುತ್ತದೆ, ಕಾರ್ಡು ಅಷ್ಟು ಸುಲಭವಾಗಿ ಸಿಗುವುದಿಲ್ಲ.